ಆಕಾಶರಾಯರು ನೆಲಕ್ಕಿಳಿದದ್ದು

ಕಾಲು ಗಂಟೆ ಅಲುಗಾಡದೆ ಕುಳಿತರೆ ಮೊಮ್ಮಗಳು ಮಡಿಲಿಗೆ. ಇಲ್ಲವಾದರೆ ದೂರದಿಂದಲೇ ದರ್ಶನ. ಆಕಾಶರಾಯರ ಮಗಳು ಹೊರಡಿಸಿದ ಈ ಶಾಸನಕ್ಕೆ ತಿದ್ದುಪಡಿಯಿರಲಿಲ್ಲ, ಮೇಲ್ಮನವಿಯೂ ಇರಲಿಲ್ಲ. ಆಕೆ ಆಸ್ಪತ್ರೆಯೊಂದರಲ್ಲಿ ಹಸುಗೂಸುಗಳ ವಾರ್ಡಿನ ನರ್ಸು. ಎರಡು ತಿಂಗಳ ಕೂಸನ್ನೆತ್ತಿಕೊಂಡು ಹತ್ತು ದಿನದ ಮಟ್ಟಿಗೆ ತವರಿಗೆ ಬಂದಿದ್ದಳು. ಭಾನುವಾರ ಸಂಜೆಯ ರೈಲಿಗೆ ಮರಳಿ ಹೊರಡುವವಳು.

ಶಾಸನಕ್ಕೆ ಕಾರಣವಾದ ಅಪರಾಧ ಬಂದ ದಿನವೇ ನಡೆದುಹೋಗಿತ್ತು. ಕೂಸನ್ನು ತಂದೆಯ ತೊಡೆಯ ಮೇಲೆ ಮಲಗಿಸಿ ಆಕೆ ಕೈ ತೊಳೆಯಲು ಹೋದಳು. ಅಷ್ಟರಲ್ಲಿ ಅಡುಗೆಮನೆಯ ಕುಕ್ಕರು ಸೀಟಿ ಹಾಕಿತು. ರಾಯರು ಕೂಸಿನ ಸಮೇತ ಸ್ಪ್ರಿಂಗಿನಂತೆ ಎದ್ದು ನಿಂತರು.

"ಅಪ್ಪಾ, ಮಗೂನ ಇಲ್ಲಿ ಕೊಡು."

"ಏನೂ ಆಗಿಲ್ಲ ಕಣಮ್ಮ. ನೋಡು, ನಗ್ತಾ ಇದೆ."

"ಅದಕ್ಕಿನ್ನೂ ಬುದ್ಧಿ ಬಂದಿಲ್ಲ, ನಗುತ್ತೆ. ನಿನಗೇನಾಗಿದೆ? ಸೀಟಿ ಕೇಳಿದ್ರೆ ಏಳೋದು, ಬಾಗಿಲು ಬಡಿದ್ರೆ ಏಳೋದು. ಕೂತಾಗಲಾದ್ರೂ ಸುಮ್ನಿರ್ತೀಯಾ ಅಂದ್ರೆ, ಒಣಹಾಕಿದ ಬಟ್ಟೆ ಗಾಳೀಗೆ ಆಡಿದ ಹಾಗೆ ಆಡ್ತಾನೇ ಇರ್ತೀಯ. ಮೊದ್ಲು ಕೂರೋದು ಕಲಿ. ಆಮೇಲೆ ಮಗು."

ಅರವತ್ತೆರಡರ ಪ್ರಾಯದಲ್ಲಿ, ಸ್ವಂತ ಮನೆಯ ಸ್ವಂತ ಕುರ್ಚಿಯಲ್ಲಿ, ಹೊಟ್ಟೆಯಲ್ಲಿ ಹುಟ್ಟಿದ ಮಗಳಿಂದ 'ಕೂರುವುದನ್ನು ಕಲಿ' ಎನ್ನಿಸಿಕೊಳ್ಳುವುದು ಸಾಮಾನ್ಯ ಅವಮಾನವಲ್ಲ. ಆದರೂ ರಾಯರು ಕೂಸನ್ನು ಮಗಳ ಕೈಗೆ ಕೊಟ್ಟರು. ಮಗಳು ಹೇಳಿದ್ದು ನಿಜವಾಗಿತ್ತು.

ನಿಜವಾದರೂ ಅದರಲ್ಲಿ ಅವರ ತಪ್ಪಿರಲಿಲ್ಲ. ಕಟ್ಟಡಗಳು ಏಳುವಲ್ಲೆಲ್ಲ ಮುಗಿಲಿಗೆ ಏಣಿಯಿಟ್ಟಂತೆ ನಿಲ್ಲುವ ಎತ್ತರದ ಕ್ರೇನುಗಳನ್ನು ಮೂವತ್ತೆಂಟು ವರ್ಷ ನಡೆಸಿದವರು ಅವರು. ನೆಲದಿಂದ ಅರವತ್ತು ಮೀಟರು ಮೇಲೆ, ಬಟ್ಟೆಯ ಕಪಾಟಿನಷ್ಟಗಲದ ಗಾಜಿನ ಗೂಡಿನಲ್ಲಿ ಕುಳಿತು, ತಮ್ಮ ಎರಡು ಪಾದಗಳ ನಡುವಿನಿಂದ ಲೋಕವನ್ನು ಕಂಡವರು. ಕ್ರೇನೆಂಬುದು ಗಾಳಿಗೆ ತೊನೆಯಲೇಬೇಕು. ತೊನೆಯದ ಕ್ರೇನು ಮುರಿಯುತ್ತದೆ. ಅದು ಬಲಕ್ಕೆ ತೊನೆದರೆ ಇವರು ಎಡಕ್ಕೆ, ಎಡಕ್ಕೆ ತೊನೆದರೆ ಬಲಕ್ಕೆ. ಹೀಗೆ ರೂಢಿಗೊಂಡ ದೇಹವು ನಿವೃತ್ತಿಯ ಕಾಗದ ಬಂದುದನ್ನು ಓದಿಕೊಂಡಿರಲಿಲ್ಲ. ಅಲ್ಲಾಡದ ಕುರ್ಚಿಯ ಮೇಲೂ ಅದು ಇಲ್ಲದ ಗಾಳಿಯೊಡನೆ ಜಗಳವಾಡುತ್ತಿತ್ತು. ಸೀಟಿಯೆಂದರೆ ಕೆಲಸ ಶುರು ಎಂಬುದನ್ನೂ ಅದು ಮರೆತಿರಲಿಲ್ಲ. ಆಕಾಶರಾಯರೆಂಬ ಬಿರುದು ಹೆಂಡತಿ ಕೊಟ್ಟದ್ದು. ಊರು ಅದನ್ನೇ ಹೆಸರೆಂದು ಬಳಸಿತು.

ಆ ಎತ್ತರಕ್ಕೆ ಯಾರ ಮಾತೂ ಕೇಳಿಸದು. ಕೆಳಗೆ ನಿಂತವನ ಕೈಯೇ ಅಲ್ಲಿ ಭಾಷೆ. ತೋರುಬೆರಳನ್ನು ಮೇಲಕ್ಕೆತ್ತಿ ತಿರುವಿದರೆ 'ಎತ್ತು' ಎಂದರ್ಥ. ಕೆಳಮುಖ ಮಾಡಿ ತಿರುವಿದರೆ 'ಇಳಿಸು'. ಎರಡು ಕೈಗಳನ್ನೂ ಹೊಟ್ಟೆಯ ಮುಂದೆ ಬೆಸೆದು ಹಿಡಿದರೆ 'ಎಲ್ಲವೂ ಇದ್ದಲ್ಲೇ ನಿಲ್ಲಲಿ'. ಇವೆಲ್ಲಕ್ಕಿಂತ ಮೇಲಿನ ನಿಯಮ ಇನ್ನೊಂದಿತ್ತು. ಸಂಜ್ಞೆ ಕಾಣದಿದ್ದರೆ ಭಾರವನ್ನು ಅಲುಗಿಸಬಾರದು. ಬಟ್ಟೆ ಹೊಲಿಯುವ ಕಸುಬಿನ ಅವರ ಹೆಂಡತಿ, ಮಾತಿಗೆ ಕಿವುಡಾದ ಗಂಡ ಬೆರಳಿಗೆ ಬಗ್ಗುತ್ತಾನೆಂಬ ರಹಸ್ಯವನ್ನು ಮದುವೆಯಾದ ವರ್ಷವೇ ಅರಿತು, ಆ ಸಂಜ್ಞೆಗಳನ್ನೆಲ್ಲ ಕಲಿತು, ಅಂದಿನಿಂದ ಸಂಸಾರವನ್ನು ಸುಸೂತ್ರವಾಗಿ ನಡೆಸಿಕೊಂಡು ಬಂದಿದ್ದರು.

ಉಪಾಯ ಹೇಳಿದವರೂ ಅವರೇ.

"ರೀ, ಮೂಲೆಮನೆ ಮಹಡಿ ಮೇಲೆ ಟೈಪಿಂಗ್ ಮೇಷ್ಟ್ರು ಈಗ ಮೂಲಾಧಾರ ಹೇಳ್ಕೊಡ್ತಾರಂತೆ. ನೆಲ ಕಚ್ಚಿ ಕೂರೋದಕ್ಕೆ ಅದೇ ಮದ್ದಂತೆ."

"ಟೈಪಿಂಗ್ ಮೇಷ್ಟ್ರು? ಅವರಿಗೇನೇ ಗೊತ್ತು ಚಕ್ರ ಗಿಕ್ರ?"

"ನಲವತ್ತು ವರ್ಷ ಕೂತೇ ಕೆಲಸ ಮಾಡಿದ್ದಾರೆ. ಕೂರೋ ವಿಷಯ ಅವರಿಗೆ ಗೊತ್ತಿಲ್ದೆ ನಿಮಗೆ ಗೊತ್ತಿರುತ್ತಾ? ನಡೀರಿ."

ಹೆಂಡತಿಯ ಬೆರಳು ಮೇಲೆದ್ದಿತು. ರಾಯರೂ ಎದ್ದರು.

ಮೇಷ್ಟ್ರ ಕೋಣೆಯಲ್ಲಿ ಹಳೆಯ ಟೈಪ್‌ರೈಟರುಗಳನ್ನು ಗೋಡೆಗೆ ಸರಿಸಿ ಮೇಲೊಂದು ಹೊದಿಕೆ ಹಾಸಿದ್ದರು. ಯಾರಾದರೂ ಭಾರವಾದ ಹೆಜ್ಜೆಯಿಟ್ಟರೆ ಅದರೊಳಗಿನಿಂದ ಟಿಂಗೆಂದು ಒಂದು ಗಂಟೆ ನುಡಿಯುತ್ತಿತ್ತು. ಮಧ್ಯದಲ್ಲಿ ಆರು ಚಾಪೆ. ಐದರ ಮೇಲೆ ಮಂದಿ, ಒಂದು ಖಾಲಿ. ರಾಯರು ಅದರ ಮೇಲೆ ಕುಳಿತು ಅಭ್ಯಾಸದಂತೆ ತೂಗತೊಡಗಿದರು.

ಮೇಷ್ಟ್ರ ಪಾಠದಲ್ಲಿ ದೋಷವಿರಲಿಲ್ಲವೆಂದು ಮೊದಲೇ ಹೇಳಿಬಿಡುವುದು ನ್ಯಾಯ. ಮೂಲಾಧಾರಕ್ಕೆ ನಾಲ್ಕು ದಳ, ನಡುವೆ ಹಳದಿಯ ಚೌಕ, ಅದೇ ಪೃಥ್ವೀತತ್ತ್ವ, ಬೀಜಾಕ್ಷರ 'ಲಂ', ಅದನ್ನು ಹೊತ್ತು ನಿಂತದ್ದು ಏಳು ಸೊಂಡಿಲಿನ ಆನೆ. ಭೂಮಿ ಉರುಟೆಂದು ಬಲ್ಲವರೂ ಧ್ಯಾನದಲ್ಲಿ ಅದನ್ನು ಚೌಕವಾಗಿ ಕಂಡರು. ಉರುಳದೆ ನಿಲ್ಲುವ ಗುಣ ಚೌಕಕ್ಕಲ್ಲದೆ ಉಂಡೆಗೆಲ್ಲಿಂದ ಬರಬೇಕು? ಈ ಬುಡ ಸಡಿಲಾದವನಿಗೆ ಸದಾ ಅಂಜಿಕೆ. ಬುಡ ಅತಿಯಾಗಿ ಬಿಗಿದವನು ಕದಲಲೊಲ್ಲದ ಕಲ್ಲುಗುಂಡು. ಎರಡರ ನಡುವಿನ ಹದವೇ ಸಾಧನೆ. ಇಷ್ಟನ್ನೂ ಮೇಷ್ಟ್ರು ಟೈಪು ಮಾಡಿದಷ್ಟು ಸ್ಫುಟವಾಗಿ ವಿವರಿಸಿದರು.

ರಾಯರು ಕೈಯೆತ್ತಿದರು. "ಮೇಷ್ಟ್ರೇ, ಅದು ಇರೋದೆಲ್ಲಿ?"

ಮುಂದಿನ ಚಾಪೆಗಳ ಮೇಲೆ ಇಬ್ಬರು ಹೆಂಗಸರಿದ್ದರು. ಮೇಷ್ಟ್ರು ಗಂಟಲು ಸರಿಪಡಿಸಿಕೊಂಡರು. "ಬೆನ್ನೆಲುಬಿನ ತುದೀಲಿ. ಅಂದ್ರೆ... ನೀವು ಈಗ ಕೂತಿದ್ದೀರಲ್ಲ, ಅಲ್ಲಿ."

"ಚಾಪೆ ಮೇಲಾ?"

"ಚಾಪೆಗೆ ತಾಗಿಕೊಂಡೇ ಅಂತಿಟ್ಕೊಳ್ಳಿ, ಯಜಮಾನ್ರೇ. ಈಗ ಕಣ್ಣು ಅರ್ಧ ಮುಚ್ಚಿ. ನಿಮ್ಮ ಕೆಳಗೆ ಭೂಮಿ ಇದೆ. ಅದನ್ನ ಮನಸ್ಸಲ್ಲೇ ನೋಡಿ."

ರಾಯರು ನೋಡಿದರು. ಕೆಳಗೆ ಎಂದರೆ ಅವರ ಲೆಕ್ಕದಲ್ಲಿ ಅರವತ್ತು ಮೀಟರು. ಕಡ್ಡಿಪೆಟ್ಟಿಗೆಯಷ್ಟಷ್ಟಾಗಿ ಕಾಣುವ ಲಾರಿಗಳು, ಎಳ್ಳಿನಂಥ ಮನುಷ್ಯರು, ಬೀಸುತ್ತಿರುವ ಗಾಳಿ. ತೂಗಾಟ ಇಮ್ಮಡಿಸಿತು.

"ಈ ಬೇರು ಗಟ್ಟಿಯಾದ್ಮೇಲೆ ಒಳಗಿನ ಶಕ್ತಿ ಹೀಗೆ ಮೇಲೇರುತ್ತೆ" ಎಂದು ಮೇಷ್ಟ್ರು ತೋರುಬೆರಳನ್ನು ಮೇಲೆತ್ತಿ ಮೆಲ್ಲನೆ ತಿರುವಿದರು.

ರಾಯರು ದಿಗ್ಗನೆ ಎದ್ದು ನಿಂತರು. ಗೋಡೆಯ ಬದಿಯಲ್ಲಿ ಟಿಂಗೆಂದಿತು.

"ಕೂತ್ಕೊಳ್ಳಿ, ಕೂತ್ಕೊಳ್ಳಿ. ಹಾಂ. ಹೀಗೆ, ಸುತ್ತುಸುತ್ತಾಗಿ..." ಮತ್ತೆ ಬೆರಳು. ಮತ್ತೆ ರಾಯರು. ಮತ್ತೆ ಟಿಂಗ್.

ಮೂರನೆಯ ಸಲಕ್ಕೆ ಮೇಷ್ಟ್ರ ಕಣ್ಣಲ್ಲಿ ನೀರು ತುಂಬಿತು. "ಯಜಮಾನ್ರೇ! ಮೊದಲನೇ ದಿನವೇ ಉತ್ಥಾನ! ನಾನು ಹದಿನೇಳು ವರ್ಷದಿಂದ ಇದೇ ಚಾಪೆ ಮೇಲೆ ಕೂತಿದ್ದೀನಿ. ನನಗೆ ಒಂದು ಅಂಗುಲ ಏರಿಲ್ಲ!" ಮುಂದಿನ ಚಾಪೆಯ ಹೆಂಗಸರು ಹಿಂದಕ್ಕೆ ತಿರುಗಿ ಭಕ್ತಿಯಿಂದ ನೋಡಿದರು. ರಾಯರು ನಿಂತಲ್ಲೇ ಸ್ವಲ್ಪ ಬೀಗಿದರು.

ಮನೆಗೆ ಬಂದವರು ನೇರವಾಗಿ ಹೊಲಿಗೆಯಂತ್ರದ ಎದುರು ಕುಳಿತು, "ನನಗೆ ಶಕ್ತಿ ಏಳ್ತಂತೆ ಕಣೇ. ಮೇಷ್ಟ್ರು ಅತ್ತೇಬಿಟ್ರು" ಎಂದರು.

ಹೆಂಡತಿ ಹೊಲಿಗೆಯಿಂದ ಕಣ್ಣೆತ್ತಲಿಲ್ಲ. "ಮೇಷ್ಟ್ರು ಹೀಗೆ ಮಾಡಿದ್ರಾ?" ಎಂದು ಎಡಗೈಯ ಬೆರಳನ್ನೆತ್ತಿ ತಿರುವಿದರು.

ರಾಯರು ಎದ್ದು ನಿಂತರು.

"ಕೂತ್ಕೊಳ್ಳಿ. ಶಕ್ತಿ ಅಲ್ಲ, ಅಭ್ಯಾಸ."

ಬಾಗಿಲ ಬಳಿ ಕೂಸಿಗೆ ಹಾಲೂಡಿಸುತ್ತಿದ್ದ ಮಗಳು ನಗು ತಡೆಯಲಾರದೆ ಮುಖವನ್ನು ಅತ್ತ ತಿರುಗಿಸಿಕೊಂಡಳು. ಆ ಸಂಜೆಯೇ ಹೆಂಡತಿ ಮಹಡಿ ಹತ್ತಿ ಮೇಷ್ಟ್ರಿಗೆ ಸಂಗತಿ ತಿಳಿಸಿ ಬಂದರು. ಮರುದಿನದಿಂದ ಮೇಷ್ಟ್ರು ಎರಡೂ ಕೈಗಳನ್ನು ತೊಡೆಯ ಕೆಳಗಿಟ್ಟು, ಅವುಗಳ ಮೇಲೆ ತಾವೇ ಕುಳಿತು ಪಾಠ ಹೇಳಿದರು. ಶಿಷ್ಯನ ಕುಂಡಲಿನಿ ಕೈಬಿಟ್ಟುಹೋದ ವ್ಯಥೆ ಅವರ ಮುಖದಲ್ಲಿ ಎರಡು ದಿನ ಇತ್ತು.

ಏಳುವುದೇನೋ ನಿಂತಿತು. ತೂಗುವುದು ನಿಲ್ಲಲಿಲ್ಲ. ರಾಯರು ಹಲ್ಲು ಕಚ್ಚಿ, ಮೈ ಬಿಗಿದು, ಉಸಿರು ಹಿಡಿದು ಕುಳಿತರು. ಬಿಗಿದಷ್ಟೂ ದೇಹ ಹೆದರಿದ ಕುದುರೆಯಂತೆ ನಡುಗಿತು. ಮಗಳು ಪ್ರತಿದಿನ ಬೆಳಿಗ್ಗೆ ಆಸ್ಪತ್ರೆಯಲ್ಲಿ ನಾಡಿ ಎಣಿಸುವ ತನ್ನ ಗಡಿಯಾರವನ್ನು ಹಿಡಿದು ಪರೀಕ್ಷಿಸುವಳು.

"ನಾಲ್ಕು ನಿಮಿಷ."

"ಮೇಲೆ ಹತ್ತು ಸೆಕೆಂಡು ಆಗಿತ್ತು. ಅದ್ಯಾಕೆ ಬಿಟ್ಟೆ?"

"ಅಪ್ಪಾ, ನಾಲ್ಕನೇ ನಿಮಿಷದಲ್ಲೇ ಕುರ್ಚಿ ಕಿರುಗುಡ್ತು. ಕರುಣೆಯಿಂದ ನಾಲ್ಕು ಅಂದೆ."

ಶುಕ್ರವಾರ ಮಧ್ಯಾಹ್ನ ಮಗಳು ಅಡುಗೆಮನೆಗೆ ಹೋದವಳು ಬಾಗಿಲಲ್ಲೇ ನಿಂತಳು. ತಂದೆ ಗೋಡೆಗೆ ಮುಖ ಮಾಡಿ ಕುಳಿತಿದ್ದಾರೆ. ತೊಡೆಯ ಮೇಲೆ ಹಿಟ್ಟಿನ ಚೀಲ. ಅದರ ಬಾಯಿಕಟ್ಟನ್ನು ತಲೆಯೆಂಬಂತೆ ಮೊಣಕೈಯ ಮಡಿಕೆಯಲ್ಲಿಟ್ಟುಕೊಂಡು 'ಲಂ... ಲಂ...' ಎಂದು ಗುನುಗುತ್ತಿದ್ದಾರೆ.

"ಏನಪ್ಪಾ ಇದು?"

ರಾಯರು ಬೆಚ್ಚಿದರು, ಆದರೆ ಚೀಲವನ್ನು ಬಿಡಲಿಲ್ಲ. "ಐದು ಕಿಲೋ ಇತ್ತು. ಒಂದು ಪಾವಿನಷ್ಟು ತೆಗೆದೆ. ಮಗು ನಾಲ್ಕು ಕಿಲೋ ಎಂಟ್ನೂರು ಅಲ್ವಾ?"

"ನಿನಗ್ಯಾರು ಹೇಳಿದ್ರು?"

"ಅವತ್ತು ಒಂದು ನಿಮಿಷ ಕೊಟ್ಟಿದ್ಯಲ್ಲ. ಭಾರ ನನಗೆ ಗೊತ್ತಾಗುತ್ತೆ." ಚೀಲದ ಕಡೆಗೇ ನೋಡುತ್ತಾ ಹೇಳಿದರು: "ಎಂಟು ಟನ್ನಿನ ತೊಲೆ ಇಳಿಸಿದ್ದೀನಮ್ಮಾ. ಕೆಳಗೆ ಜನ ನಿಂತಿರ್ತಿದ್ರು. ಒಬ್ಬರಿಗೂ ತರಚಿಲ್ಲ. ಈಗ ನಾಲ್ಕು ಎಂಟ್ನೂರು ಕೊಡೋಕೆ ಯೋಚ್ನೆ ಮಾಡ್ತೀಯ."

ಮಗಳು ಆ ಚೀಲವನ್ನೂ ತಂದೆಯನ್ನೂ ನೋಡಿದಳು. ಆದರೂ ಶಾಸನವನ್ನು ಹಿಂತೆಗೆದುಕೊಳ್ಳಲಿಲ್ಲ. ಆಕೆಯೂ ಅವರದೇ ಮಗಳು. "ಭಾನುವಾರ ಮಧ್ಯಾಹ್ನ ಕೊನೇ ಪರೀಕ್ಷೆ" ಎಂದಷ್ಟೇ ಹೇಳಿ, ಅವರ ಅಂಗಿಯ ಮೇಲಿನ ಹಿಟ್ಟನ್ನು ಕೊಡವಿ ಹೋದಳು.

ಶನಿವಾರ ಬೆಳಿಗ್ಗೆ ಕೂಸನ್ನು ತೂಗುವ ಕೆಲಸ. ಮಗಳ ಬಳಿ ಕೊಕ್ಕೆಯಿರುವ ಸ್ಪ್ರಿಂಗಿನ ತಕ್ಕಡಿಯಿತ್ತು. ಕೊಕ್ಕೆಗೆ ಬಟ್ಟೆಯ ಜೋಳಿಗೆ ಕಟ್ಟಿ, ಅದರಲ್ಲಿ ಕೂಸನ್ನಿಟ್ಟು, ಹಾಸಿಗೆಗಿಂತ ಗೇಣೆತ್ತರದಲ್ಲಿ ಎರಡು ಕೈಯಿಂದ ಎತ್ತಿ ಹಿಡಿದಳು. ಕೂಸು ಕಾಲು ಝಾಡಿಸಿತು. ಜೋಳಿಗೆ ಅತ್ತಿತ್ತ ತೂಗಿತು, ಮುಳ್ಳು ಕುಣಿಯಿತು.

"ಅಮ್ಮಾ, ಜೋಳಿಗೆ ಹಿಡ್ಕೋ, ಮುಳ್ಳು ನಿಲ್ತಿಲ್ಲ."

ಅಜ್ಜಿ ಜೋಳಿಗೆಗೆ ಕೈಯಿಟ್ಟರು. ಹಿಡಿದಾಗ ತೂಕ ತಪ್ಪು, ಬಿಟ್ಟಾಗ ಮತ್ತೆ ತೂಗಾಟ. ಹೊಸ್ತಿಲಾಚೆ ನಿಯಮದಂತೆ ದೂರದಲ್ಲಿ ನಿಂತಿದ್ದ ರಾಯರಿಗೆ ಇದನ್ನು ಸಹಿಸುವುದು ಅಸಾಧ್ಯವಾಯಿತು.

"ಹಿಡೀಬೇಡ! ಕೈ ಬಿಡೇ! ತೂಗೋ ಭಾರಾನ ಹಿಡಿದು ನಿಲ್ಸೋಕಾಗಲ್ಲ!"

"ಮತ್ತೇನು ಮಾಡ್ಲಿ?" ಎಂದಳು ಮಗಳು.

"ಅದು ಹೋದ ಕಡೆ ನೀನೂ ಹೋಗು. ನನ್ನ ಕೈ ನೋಡು."

ಮೂವತ್ತೆಂಟು ವರ್ಷ ಕೆಳಗಿನ ಕೈಗಳನ್ನು ನೋಡಿ ಕೆಲಸ ಮಾಡಿದವರು ಮೊದಲ ಬಾರಿಗೆ ನೆಲದ ಮೇಲೆ ನಿಂತು ಸಂಜ್ಞೆ ಮಾಡಿದರು. ಜೋಳಿಗೆ ಬಲಕ್ಕೆ ತೂಗಿದಾಗ ಅವರ ಅಂಗೈ ಬಲಕ್ಕೆ ಸರಿಯಿತು; ಮಗಳು ತಕ್ಕಡಿಯನ್ನು ಬಲಕ್ಕೆ ಒಯ್ದಳು. ಕೂಸು ತೂಗಾಟದ ತುದಿ ಮುಟ್ಟುವ ಹೊತ್ತಿಗೆ ತಕ್ಕಡಿಯೂ ಅದರ ನೆತ್ತಿಯ ನೇರಕ್ಕೆ ಬಂದಿತ್ತು. ಮರಳಿ ಬರಲು ಕೂಸಿಗೆ ದಾರಿಯೇ ಉಳಿಯಲಿಲ್ಲ. ಇನ್ನೊಮ್ಮೆ, ಅರ್ಧದಷ್ಟು. ಆಮೇಲೆ ರಾಯರು ಎರಡು ಕೈಗಳನ್ನೂ ಹೊಟ್ಟೆಯ ಮುಂದೆ ಬೆಸೆದರು. ಎಲ್ಲವೂ ನಿಂತಿತು. ಮುಳ್ಳೂ ನಿಂತಿತು.

"ನಾಲ್ಕು ಎಂಟ್ನೂರ ಇಪ್ಪತ್ತು" ಎಂದಳು ಮಗಳು, ಮೆಲ್ಲನೆ.

"ಆ ಇಪ್ಪತ್ತು ಜೋಳಿಗೇದು" ಎಂದರು ರಾಯರು.

ಹೆಂಡತಿ ಸೊಂಟದ ಮೇಲೆ ಕೈಯಿಟ್ಟು ಗಂಡನನ್ನು ಅಡಿಯಿಂದ ಮುಡಿಯವರೆಗೆ ನೋಡಿದರು. "ಅಲ್ಲಾ ರೀ, ಊರವರ ಭಾರಕ್ಕೆಲ್ಲ ಬುದ್ಧಿ ಹೇಳ್ತೀರಲ್ಲ, ಅದೇ ಮಾತನ್ನ ನಿಮ್ಮ ಸೊಂಟಕ್ಕೆ ಒಂದ್ಸಲ ಹೇಳ್ಬಾರ್ದಾ?"

ರಾಯರು ಅಲ್ಲಿಂದಲೇ ಹೊರಟರು. ಚಪ್ಪಲಿ ಮೆಟ್ಟಿಕೊಂಡು ನೇರವಾಗಿ ಮಹಡಿ ಹತ್ತಿದರು. ಮೇಷ್ಟ್ರು ಒಬ್ಬರೇ ಕೂತು ಟೈಪ್‌ರೈಟರಿಗೆ ಎಣ್ಣೆ ಹಾಕುತ್ತಿದ್ದರು. "ನೀವು ಮಾತಾಡ್ಬೇಡಿ ಮೇಷ್ಟ್ರೇ" ಎಂದು ಚಾಪೆಯ ಮೇಲೆ ಕುಳಿತರು.

ದೇಹ ಎಡಕ್ಕೆ ವಾಲಿತು. ಇಷ್ಟು ದಿನ ಅದನ್ನು ಬಲಕ್ಕೆ ಎಳೆಯುತ್ತಿದ್ದರು, ಇಂದು ಎಳೆಯಲಿಲ್ಲ. ಮನಸ್ಸನ್ನೂ ಉಸಿರನ್ನೂ ಅದರೊಂದಿಗೆ ಎಡದ ತುದಿಯವರೆಗೆ ಕಳಿಸಿದರು. ಅಲ್ಲಿ ದೇಹವೂ ಅವರೂ ಒಟ್ಟಿಗೆ ತಲುಪಿದ್ದರಿಂದ ಜಗಳಕ್ಕೆ ಎದುರಾಳಿ ಸಿಗಲಿಲ್ಲ. ಮುಂದಿನ ವಾಲು ಅರ್ಧ, ಅದರ ಮುಂದಿನದು ಕಾಲು. 'ಲಂ' ಎಂಬ ಅಕ್ಷರ ಈಗ ತುಟಿಯಲ್ಲಿರದೆ ಕೆಳಗೆಲ್ಲೋ, ಮೇಷ್ಟ್ರು ಹೇಳಲು ನಾಚಿದ ಸ್ಥಳದಲ್ಲಿ, ತೊಲೆಯೊಂದು ತನ್ನ ನೆಲೆಯಲ್ಲಿ ಕೂರುವಾಗಿನ ಸದ್ದಿನಂತೆ ಕೇಳಿಸಿತು. ಪಾದಗಳ ನಡುವಿನಿಂದ ನೋಡಿದರೆ ಅರವತ್ತು ಮೀಟರು ಇರಲಿಲ್ಲ. ಚಾಪೆಯಿತ್ತು. ಚಾಪೆಯ ಕೆಳಗೆ ಮಹಡಿ, ಮಹಡಿಯ ಕೆಳಗೆ ಗೋಡೆ, ಗೋಡೆಯ ಕೆಳಗೆ ಮಣ್ಣು. ಎಲ್ಲವೂ ಒಂದನ್ನೊಂದು ಹೊತ್ತಿದ್ದವು. ಏಳು ಸೊಂಡಿಲಿನ ಆನೆ ಅವರಿಗೆ ಕಾಣಿಸಿತೋ ಇಲ್ಲವೋ, ಹೊತ್ತಿದ್ದಂತೂ ತಿಳಿಯಿತು. ಹಿರಿಯರು ಕಂಡುಕೊಂಡ ಸತ್ಯ ಒಬ್ಬೊಬ್ಬನಿಗೆ ಅವನವನ ಕಸುಬಿನ ಬಾಗಿಲಿನಿಂದಲೇ ಒಳಬರುವುದು ವಾಡಿಕೆ.

ಭಾನುವಾರ ಮಧ್ಯಾಹ್ನ ಮೇಷ್ಟ್ರು ಸಾಕ್ಷಿಯಾಗಿ ಬಂದರು. ಕೈಗಳನ್ನು ಮುನ್ನೆಚ್ಚರಿಕೆಯಾಗಿ ಜೇಬಿನಲ್ಲಿಟ್ಟುಕೊಂಡಿದ್ದರು. ರಾಯರು ಕುರ್ಚಿಯಲ್ಲಿ ಕುಳಿತರು. ಮಗಳು ಗಡಿಯಾರ ಹಿಡಿದಳು. ಐದು ನಿಮಿಷ. ಎಂಟು ನಿಮಿಷ. ಮೂಗಿನ ಮೇಲೊಂದು ನೊಣ ಕುಳಿತು, ಬೇಸರಗೊಂಡು ಹೋಯಿತು. ಹನ್ನೆರಡನೆಯ ನಿಮಿಷಕ್ಕೆ ಅಡುಗೆಮನೆಯಲ್ಲಿ ಕುಕ್ಕರು ಮನೆ ಹಾರಿಹೋಗುವಂತೆ ಸೀಟಿ ಹಾಕಿತು. ಒಲೆಯ ಬಳಿ ಹೆಂಡತಿ ಏನೂ ಅರಿಯದವರಂತೆ ಸೆರಗಿನಿಂದ ಕೈ ಒರೆಸಿಕೊಳ್ಳುತ್ತಿದ್ದರು; ಊಟ ಮುಗಿದು ಒಂದು ಗಂಟೆಯಾಗಿತ್ತು, ಕುಕ್ಕರಿನಲ್ಲಿ ಬರಿಯ ನೀರಿತ್ತು.

ರಾಯರ ಕಾಲಿನ ಹೆಬ್ಬೆರಳು ಒಮ್ಮೆ ಮಡಿಸಿ ಬಿಚ್ಚಿಕೊಂಡಿತು. ಅಷ್ಟೇ.

"ಹದಿನೈದು" ಎಂದಳು ಮಗಳು. ಕೂಸನ್ನು ತಂದು ತಂದೆಯ ಮಡಿಲಲ್ಲಿಟ್ಟಳು.

ರಾಯರು ಬೆಟ್ಟದಂತೆ ಕುಳಿತಿದ್ದರು. ಕೂಸು ಆ ಬೆಟ್ಟವನ್ನು ಒಂದು ಕ್ಷಣ ದಿಟ್ಟಿಸಿ, ಮುಖ ಕೆಂಪಗೆ ಮಾಡಿಕೊಂಡು, ಬೀದಿಗೆ ಕೇಳುವಂತೆ ಕಿರುಚತೊಡಗಿತು.

"ಮಗು ತಲೆ ಸ್ವಲ್ಪ ಎತ್ತು, ಅಪ್ಪಾ."

"ಬೀಜಾಕ್ಷರ ಹೇಳಿ ಯಜಮಾನ್ರೇ, ಬೀಜಾಕ್ಷರ!"

ರಾಯರು 'ಲಂ' ಎಂದರು. ಕೂಸು ಅದಕ್ಕಿಂತ ಜೋರಾಗಿ ಬೇರೊಂದು ಅಕ್ಷರ ಹೇಳಿತು. ಮಗಳು ಕೈ ಚಾಚಿ, "ಕೊಡಪ್ಪಾ, ಬೇಡ. ರೈಲಿಗೂ ಹೊತ್ತಾಗುತ್ತೆ" ಎಂದಳು. ಹತ್ತು ದಿನದ ತಪಸ್ಸು ಒಂದು ನಿಮಿಷಕ್ಕೆ ಮುಗಿಯುವುದರಲ್ಲಿತ್ತು.

ಆಗ ರಾಯರು ಕೂಸಿನ ಕಾಲುಗಳನ್ನು ನೋಡಿದರು. ಅವು ಅತ್ತಿತ್ತ ಝಾಡಿಸುತ್ತಿದ್ದವು. ಇದೂ ತೂಗುವ ಭಾರವೇ. ತಾನು ಇದ್ದಲ್ಲೇ ಇದ್ದುಕೊಂಡು ಇದನ್ನು ನಿಲ್ಲಿಸಲು ಹೊರಟಿದ್ದೇನೆ! ಅವರು ಸೊಂಟವನ್ನು ಸಡಿಲಬಿಟ್ಟರು. ಮೂವತ್ತೆಂಟು ವರ್ಷದ ಗಾಳಿಯಲ್ಲಿ ಒಂದು ಹಿಡಿಯಷ್ಟನ್ನು ಮರಳಿ ಕರೆದರು. ಕೂಸು ಹೊರಳಿದ ಕಡೆ ತಾವೂ ತೂಗಿದರು.

"ಅಪ್ಪಾ, ಮತ್ತೆ ಆಡ್ತಿದ್ದೀಯ!" ಎಂದು ಮಗಳು ಮುಂದೆ ಬಂದಳು. ಅಡುಗೆಮನೆಯ ಬಾಗಿಲಿನಲ್ಲಿ ಅವಳ ತಾಯಿ ಎರಡು ಕೈಗಳನ್ನೂ ಹೊಟ್ಟೆಯ ಮುಂದೆ ಬೆಸೆದು ನಿಂತಿದ್ದರು. ಎಲ್ಲವೂ ಇದ್ದಲ್ಲೇ ನಿಲ್ಲಲಿ. ಮಗಳು ನಿಂತಳು. ಮೇಷ್ಟ್ರೂ, ಅರ್ಥವಾಗದಿದ್ದರೂ, ನಿಂತರು.

ಕಿರುಚಾಟ ಅಳುವಾಯಿತು, ಅಳು ಬಿಕ್ಕಾಯಿತು, ಬಿಕ್ಕು ನಿಟ್ಟುಸಿರಾಯಿತು. ತೂಗಾಟ ಅರ್ಧವಾಯಿತು, ಕಾಲಾಯಿತು, ಆಮೇಲೆ ಇಲ್ಲವಾಯಿತು. ಎಂಟು ಟನ್ನಿನ ತೊಲೆಯನ್ನೂ ರಾಯರು ಇಷ್ಟು ನಯವಾಗಿ ಇಳಿಸಿದ್ದಿಲ್ಲ. ಕೂಸು ಬಾಯಿ ಅರೆತೆರೆದು ಅವರ ತೋಳಿನ ಮೇಲೆ ಜೊಲ್ಲು ಸುರಿಸಿ ನಿದ್ದೆಹೋಯಿತು.

"ಇದು ಯಾವ ಸ್ಥಿತಿ ಅಂತ ನನಗೆ ಗೊತ್ತಿಲ್ಲ" ಎಂದು ಪಿಸುಗುಟ್ಟಿ, ಮೇಷ್ಟ್ರು ತುದಿಗಾಲಲ್ಲಿ ಮನೆಗೆ ಹೋದರು.

ಒಂದು ಗಂಟೆ ಕಳೆಯಿತು. ಇನ್ನೊಂದೂ ಕಳೆಯಿತು. ಹೆಂಡತಿ ಚಹಾ ತಂದು ಲೋಟವನ್ನು ಅವರ ತುಟಿಗೆ ಹಿಡಿದರು. ರಾಯರ ಎಡಗಾಲು ಮರಗಟ್ಟಿತ್ತು, ಮೂತ್ರಕ್ಕೆ ಅವಸರವಾಗಿತ್ತು; ಮೂಲಾಧಾರದ ಆಸುಪಾಸಿನಲ್ಲೆಲ್ಲ ದಂಗೆಯೆದ್ದಿತ್ತು. ಅವರು ಮಾತ್ರ ಕದಲಲಿಲ್ಲ. ಮಗಳು ಚೀಲಗಳನ್ನು ಬಾಗಿಲಿಗೆ ತಂದಿಟ್ಟಳು, ಕೂದಲು ಬಾಚಿಕೊಂಡಳು, ಮೂರು ಸಲ ಗಡಿಯಾರ ನೋಡಿದಳು.

"ಅಪ್ಪಾ, ಏಳು. ರೈಲು ತಪ್ಪಿಹೋಗುತ್ತೆ."

"ಶ್. ಕೂರೋದು ಕಲಿ ಅಂದೆ. ಕಲ್ತಿದ್ದೀನಿ. ಏಳೋದು ಇನ್ನೂ ಪಾಠ ಆಗಿಲ್ಲ."

"ಅಮ್ಮಾ, ನೀನಾದ್ರೂ ಹೇಳು!"

ಹೆಂಡತಿ ನಗು ನುಂಗಿಕೊಂಡು, ಗಂಡನ ಎದುರಿಗೆ ಬಂದು ನಿಂತು, ತೋರುಬೆರಳನ್ನು ಮೇಲಕ್ಕೆತ್ತಿದರು. ಅದು ತಿರುಗುವ ಮುನ್ನವೇ ರಾಯರು ಎರಡೂ ಕಣ್ಣುಗಳನ್ನು ಬಿಗಿಯಾಗಿ ಮುಚ್ಚಿಕೊಂಡರು. ಸಂಜ್ಞೆ ಕಾಣದಿದ್ದರೆ ಭಾರವನ್ನು ಅಲುಗಿಸಬಾರದು. ಮೂವತ್ತೆಂಟು ವರ್ಷಗಳಲ್ಲಿ ಒಮ್ಮೆಯೂ ಅವರು ಆ ನಿಯಮ ಮೀರಿದವರಲ್ಲ.